ಕಂಬಳಿ ಹೊದ್ದ ಹಿಂಬದಿ ಸವಾರ

ಮಾರ್ಗಶಿರದ ಚಳಿ ಕಚ್ಚುವ ದಿನಗಳು. ಕಬ್ಬಿನ ಗರಿಯ ಮೇಲಿನ ಇಬ್ಬನಿ ಇನ್ನೇನು ಆರಬೇಕು ಅನ್ನುವ ಹೊತ್ತಿಗೆ ಧರೆಪ್ಪನ ಮೊಬೈಲು ಕುಂಯ್ ಅಂದಿತು. ಓದು ಬಾರದ ಧರೆಪ್ಪ ಅದನ್ನು ಹಾಲೇಶನ ಕಂಪ್ಯೂಟರ್ ಅಂಗಡಿಗೆ ಒಯ್ದ. ಅವನ ನೆಮ್ಮದಿ ಹೋದದ್ದು ಅಲ್ಲಿಂದಲೇ.

"ದಂಡ ಬಿದ್ದೈತಿ ಕಾಕಾ, ಐದುನೂರು. ನಿನ್ನ ತಲಿಮ್ಯಾಲ ಹೆಲ್ಮೆಟ್ ಐತಿ. ಹಿಂದ ಕುಂತವರ ತಲಿಮ್ಯಾಲ ಇಲ್ಲ," ಅನ್ನುತ್ತ ಹಾಲೇಶ ಫೋಟೋ ದೊಡ್ಡದು ಮಾಡಿದ.

ಮಹಾಲಿಂಗಪುರದ ರಸ್ತೆ, ಹೊತ್ತು ಮುಳುಗುವ ವೇಳೆ. ಗಾಡಿ ಓಡಿಸುವವನು ಧರೆಪ್ಪನೇ. ಅವನ ಬೆನ್ನಿಗೆ ಅಂಟಿಕೊಂಡು, ತಲೆತುಂಬ ಕಂಬಳಿ ಹೊದ್ದು, ಹೆಗಲ ಮೇಲೆ ಕೆನ್ನೆ ಊರಿ ಯಾರೋ ಕುಳಿತಿದ್ದರು.

ಅಂಗಡಿಯಲ್ಲಿದ್ದವರೆಲ್ಲ ಕತ್ತು ಚಾಚಿದರು. "ಇದು ಇವನ ಹೇಂತಿ ಸೋಮವ್ವ ಅಲ್ಲ ಬಿಡು. ಆಕಿ ಆ ವಾರ ತವರಮನ್ಯಾಗ, ಹುನ್ನೂರಾಗಿದ್ಲು," ಎಂದ ಒಬ್ಬ. ಇನ್ನೊಬ್ಬ, "ಎಷ್ಟ್ ಜ್ವಾಕೀಲೆ ಹೊಚ್ಚಿಕೊಂಡ ಹೊಂಟಾನ ನೋಡ್ರಿ. ಹೇಂತಿಗೆ ಒಂದಿನಾರ ಹಿಂಗ ಹೊಚ್ಚ್ಯಾನೇನು?" ಎಂದ.

"ದಂಡ ಕಟ್ಟತಿಯೋ, ತಕರಾರ ಹಾಕತಿಯೋ?" ಹಾಲೇಶ ಕೇಳಿದ. "ತಕರಾರಂದ್ರ ಹಿಂದ ಕುಂತವರು ಯಾರಂತ ಹೇಳಬೇಕಾಕ್ಕೈತಿ ನೋಡು."

ಧರೆಪ್ಪ ಮೊಬೈಲು ಕಿಸೆಗೆ ಇಳಿಸಿದ. "ವಿಚಾರ ಮಾಡಿ ಹೇಳತೀನಿ," ಎಂದು ಎದ್ದ. ಹಿಂದೆ ನಗೆ ಎದ್ದಿತು.

ಕುಳಿತದ್ದು ಹೆಂಗಸಲ್ಲ, ಟಗರು. ಬೀರೇಶ್ವರನಿಗೆ ಬಿಟ್ಟ, ಇನ್ನೂ ಕೋಡು ಮೂಡದ ಎಳೆ ಟಗರು. ಧರೆಪ್ಪನ ಅಣ್ಣ ಗಿರಮಲ್ಲಪ್ಪ ಆ ಗುಡಿಯ ಪೂಜಾರಿ. ದೇವರಿಗೆ ಬಿಟ್ಟ ಜೀವಕ್ಕೆ ದೇವರ ಭಂಡಾರವೇ, ಅಂದರೆ ಗುಡಿಯ ಅರಿಶಿನದ ಪುಡಿಯೇ ಮದ್ದು, ಸೂಜಿ ತಾಗಿಸಬಾರದು ಎಂಬುದು ಅವರ ಮನೆಯ ನಡಾವಳಿ. ಟಗರಿಗೆ ಉಬ್ಬಸ ಹತ್ತಿ ಮೇವು ಬಿಟ್ಟಾಗ ಅಣ್ಣ ಅರಿಶಿನದ ಭಂಡಾರ ಬಳಿದು, ತನ್ನ ಕೆಲಸಕ್ಕೆ ಜಮಖಂಡಿಗೆ ಹೋದ. ಟಗರು ಕಣ್ಣು ತೇಲಿಸಿತು. ಧರೆಪ್ಪ ನೋಡಲಾರದೆ ಅದನ್ನು ಕಂಬಳಿಯಲ್ಲಿ ಸುತ್ತಿ, ಗಾಡಿಯ ಹಿಂದೆ ಕೂರಿಸಿ, ನಡುವಿಗೆ ಕಟ್ಟಿಕೊಂಡು ಮಹಾಲಿಂಗಪುರದ ದನದ ದವಾಖಾನೆಗೆ ಓಡಿದ. ಡಾಕ್ಟರು ತೊಡೆಯ ಉಣ್ಣೆ ಕತ್ತರಿಸಿ ಇಂಜೆಕ್ಷನ್ ಕೊಟ್ಟರು. ಬೋಳಾದ ಜಾಗ ಕಾಣದಂತೆ ಧರೆಪ್ಪ ಮತ್ತೆ ಭಂಡಾರ ಮೆತ್ತಿದ.

ಅಷ್ಟೇ ಆಗಿದ್ದರೆ ಮುಗಿಯುತ್ತಿತ್ತು. ಟಗರು ಎದ್ದು ನಿಂತಿತು, ಊರಿಗೆ ಬಂದ ಗಿರಮಲ್ಲಪ್ಪ ಭಂಡಾರದ ಮಹಿಮೆಯನ್ನು ಸಾರಿದ. ಸುತ್ತಲಿನ ಹಳ್ಳಿಯವರು ಕಾಯಿ ಹಿಡಿದು ಬರತೊಡಗಿದರು.

ಅಂಗಡಿಯಿಂದ ಎದ್ದ ಧರೆಪ್ಪ ನೇರ ಮನೆಗೆ ಹೋಗಲಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳನ್ನು ನೋಡುತ್ತ ರಸ್ತೆಯ ಅಂಚಿಗೆ ನಿಂತ, ಕುಕ್ಕರಗಾಲಲ್ಲಿ ಕುಂತ, ಮತ್ತೆ ಎದ್ದ. ಅವನಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಸೋಮವ್ವ ರೊಟ್ಟಿ ಬಡಿಯುತ್ತಿದ್ದಳು, ಬೇಕಾದದ್ದಕ್ಕಿಂತ ಜೋರಾಗಿ.

"ಯಾರಾಕಿ?"

"ಟಗರು."

"ಟಗರಿಗೆ ಯಾವ ಊರು?"

ಧರೆಪ್ಪ ಎಲ್ಲವನ್ನೂ ಹೇಳಿದ. ಸೋಮವ್ವ ಕುರಿಹಟ್ಟಿಗೆ ಹೋಗಿ ಟಗರಿನ ತೊಡೆಯ ಮೇಲೆ ಬೆರಳಾಡಿಸಿದಳು. ಭಂಡಾರದ ಕೆಳಗೆ ಮೊಂಡು ಉಣ್ಣೆ ಚುಚ್ಚಿತು. ತಿರುಗಿ ಬಂದವಳ ದನಿ ಇಳಿದಿತ್ತು.

"ನಾ ನಂಬೀನಿ. ಖರೆ, ನೀರಿಗೆ ಹೋದಲ್ಲಿ ನನ್ನ ನೋಡಿ ಸೆರಗ ಬಾಯಿಗಿ ಹಿಡ್ಯಾಕತ್ತಾರಲ್ರಿ, ಅವರಿಗೇನ ಹೇಳ್ಲಿ? ನೀವು ದಂಡ ಕಟ್ಟಿದ್ರ, ಹೆಂಗಸು ಖರೆ ಅಂತ ಬರಕೊಟ್ಟಂಗ."

"ತಕರಾರ ಹಾಕಿದ್ರ ಅಣ್ಣನ ಮಾರಿ ಮಣ್ಣಾಗತೈತಿ."

"ಕಟ್ಟಿದ್ರ ನಂದು."

ಮುಂದಿನ ದಿನಗಳಲ್ಲಿ ಧರೆಪ್ಪ ಹಾಲೇಶನ ಅಂಗಡಿಯ ತನಕ ಹೋಗುವುದು, ಮೆಟ್ಟಿಲಿನಿಂದಲೇ ತಿರುಗುವುದು ಆಯಿತು. ಒಂದು ದಿನ ದಂಡ ಕಟ್ಟಲು ಹೊರಟ, ಇನ್ನೊಂದು ದಿನ ತಕರಾರಿಗೆ. ಕುರಿ ಮೇಯಿಸುವಾಗ ಕುರಿ ಒಂದು ಕಡೆ, ಇವನು ಒಂದು ಕಡೆ.

ಕೊನೆಗೆ ಗಿರಮಲ್ಲಪ್ಪನೇ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ.

"ಧರ್ಯಾ, ಆ ಹೆಂಗಸು ಯಾರಂತ ಹೇಳು. ಹೇಳೂತನಕಾ ಗುಡಿ ಹೊಸ್ತಿಲಾ ತುಳೀಬ್ಯಾಡ. ಪೂಜಾರಿ ಮನಿತನ ನಮ್ದು."

ಧರೆಪ್ಪ ಟಗರನ್ನು ಎಳೆತಂದು ಅಣ್ಣನ ಕೈ ಹಿಡಿದು ಆ ಜಾಗದ ಮೇಲಿಟ್ಟ. ಗಿರಮಲ್ಲಪ್ಪ ಕುರಿಗಳ ನಡುವೆಯೇ ಬೆಳೆದವನು, ಕತ್ತರಿ ಆಡಿದ ಉಣ್ಣೆ ಯಾವುದೆಂದು ಅವನ ಬೆರಳಿಗೆ ಗೊತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಸೂಜಿ?"

"ಹೂಂ ಅಣ್ಣಾ. ಭಂಡಾರನೂ ಕೆಲಸ ಮಾಡಿರಬೇಕು, ಸೂಜೀನೂ ಮಾಡಿರಬೇಕು."

"ಎರಡೂ ಅಂದ್ರ ಯಾಂವ ಕಾಯಿ ಒಡಸ್ತಾನ?" ಗಿರಮಲ್ಲಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹಂಗಾರ ದಂಡ ಕಟ್ಟಿ ಸುಮ್ಕಿರು. ಹೆಂಗಸಂತ ಅನ್ಕೋತಾರ, ಅನ್ಕೊಳ್ಳಿ. ಗಂಡಸಿನ ಸುದ್ದಿ ನಾಕ ದಿನದ್ದು. ದೇವರ ಸುದ್ದಿ ಹಂಗಲ್ಲ."

ಈಗಷ್ಟೇ ಹೊಸ್ತಿಲು ತುಳಿಯಬೇಡ ಅಂದ ಬಾಯಿ ಇದು. ಧರೆಪ್ಪ ತಿರುಗಿ ನೋಡಿದ. ಬಾಗಿಲ ಸಂದಿಯಲ್ಲಿ ಸೋಮವ್ವ ಮೊರ ಹಿಡಿದು ನಿಂತಿದ್ದಳು. ಕೇರುವುದು ನಿಂತಿತ್ತು. ಆ ಸುದ್ದಿ ತನಗೆ ನಾಲ್ಕು ದಿನದ್ದು, ಅವಳಿಗೆ ಸಾಯುವ ತನಕದ್ದು ಎಂಬುದು ಅವನಿಗೆ ಆಗ ಹೊಳೆಯಿತು.

"ಕಟ್ಟೂದಿಲ್ಲಣ್ಣಾ," ಎಂದ.

ಮರುದಿನ ಗಂಡ ಹೆಂಡತಿ ಇಬ್ಬರೂ ಟಗರನ್ನು ನಡೆಸಿಕೊಂಡೇ ಹಾಲೇಶನ ಅಂಗಡಿಗೆ ಹೋದರು. ಗಾಡಿಗೆ ಹತ್ತಿಸಿದರೆ ಇನ್ನೊಂದು ದಂಡ ಬಿದ್ದೀತೆಂಬ ಅಂಜಿಕೆ. ಹಾಲೇಶ ಟಗರಿಗೆ ಕಂಬಳಿ ಹೊದಿಸಿ ಫೋಟೋ ಹಿಡಿದ, ಕಂಬಳಿ ತೆಗೆದು ತೊಡೆಯದೂ ಹಿಡಿದ. ನೆರೆದವರು ನಕ್ಕರು. ಈ ಸಲದ ನಗೆಗೆ ಸೋಮವ್ವನೂ ಕೂಡಿದಳು. ಧರೆಪ್ಪ ಮಾತ್ರ ಗುಡಿಯ ರಸ್ತೆಯ ಕಡೆಗೇ ನೋಡುತ್ತಿದ್ದ.

ತಕರಾರಿಗೆ ಜವಾಬು ಇನ್ನೂ ಬಂದಿಲ್ಲ. ಜನ ಕಾಯಿ ಹಿಡಿದು ಬರುವುದು ನಿಂತಿತು. ಗಿರಮಲ್ಲಪ್ಪ ಟಗರಿನ ಕೊರಳ ಗಂಟೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡ, ಗುಡಿಯ ಕೀಲಿಯನ್ನು ತಮ್ಮನ ಹೊಸ್ತಿಲ ಮೇಲಿಟ್ಟ, ತನ್ನ ಪಾಲಿನ ಕುರಿ ಹೊಡೆದುಕೊಂಡು ಬೀಳಗಿಯ ಕಡೆ ನಡೆದ. ಗಂಟೆಯಿಲ್ಲದ ಟಗರು ಹಿಂಡಿನ ಹಿಂದೆ ಸ್ವಲ್ಪ ದೂರ ಓಡಿ, ತಿರುಗಿ ಬಂತು.