ಪರಿಹಾರದ ಲಾರಿ ಪೂರ್ವಕ್ಕೆ ಹೋಯಿತು

ಅರಬ್ಬಿ ಸಮುದ್ರ ನಾಸಿಕದಿಂದ ಪಶ್ಚಿಮಕ್ಕಿದೆ ಎಂಬುದು ನಮ್ಮ ಸಮಿತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಕಾಶೆ ಓದಲು ಬಾರದವರು ಒಬ್ಬರೂ ಇರಲಿಲ್ಲ. ಹಾಗಿದ್ದೂ ಚಂಡಮಾರುತಕ್ಕೆ ಸಿಕ್ಕಿದ ಕರಾವಳಿಯ ಜನರಿಗೆಂದು ನಾವು ತುಂಬಿಸಿದ ಲಾರಿ ಸಮುದ್ರಕ್ಕೆ ಬೆನ್ನು ಹಾಕಿ, ಪೂರ್ವದಿಕ್ಕಿಗೆ ಇನ್ನೂರು ಕಿಲೋಮೀಟರ್ ಹೋಯಿತು. ಹೇಗೆ ಹೋಯಿತು ಎಂದು ಹೇಳುವ ಹಕ್ಕು ನನಗಿದೆ, ಅದಕ್ಕೆ ಠರಾವು ಬರೆದವನು ನಾನೇ.

ನಾನು ನಾರಾಯಣಸ್ವಾಮಿ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಊರು ಮಾಲೂರಿನ ಕಡೆ, ಸಮುದ್ರ ನೋಡಿದ್ದೇ ಮದುವೆಯಾದ ಮೇಲೆ. ಆದರೂ ನಾಸಿಕದ ಕರಾವಳಿ ಬಂಧು ಸಂಘಕ್ಕೆ ನಾನೇ ಕಾರ್ಯದರ್ಶಿ. ಹೋಟೆಲು ನಡೆಸುವ ಆ ಜನಕ್ಕೆ ತಪ್ಪಿಲ್ಲದ ಕನ್ನಡದಲ್ಲಿ ವರದಿ ಬರೆಯುವವನೊಬ್ಬ ಬೇಕಿತ್ತು, ನನಗೆ ಅವರ ಸಾಂಬಾರು ಬೇಕಿತ್ತು. "ನಿಮ್ಮದು ಸೇವೆಯಲ್ಲ, ನಾಲಿಗೆ ಚಪಲ" ಎಂದು ನನ್ನ ಹೆಂಡತಿ ತುಳಸಿ ಹೇಳುತ್ತಲೇ ಇರುತ್ತಾಳೆ. ಅವಳ ಮಾತು ಸುಳ್ಳಲ್ಲ.

ಸಂಘದ ಅಧ್ಯಕ್ಷ ಯಶವಂತಣ್ಣನಿಗೆ ನಾಸಿಕ್ ರೋಡ್ ಸ್ಟೇಷನ್ನಿನ ಎದುರಿಗೇ ದೊಡ್ಡ ಸಸ್ಯಾಹಾರಿ ಹೋಟೆಲಿದೆ. ಆ ಹೋಟೆಲಿನ ಮುಖ್ಯ ಅಡುಗೆಯವನು ಶೀನ. ಕುಂದಾಪುರದ ಆಚೆ, ಕಡಲಿಗೂ ರಸ್ತೆಗೂ ನಡುವಿನ ಒಂದು ಪಟ್ಟಿ ಮರಳಿನ ಮೇಲೆ ಅವನ ಮನೆ. ಮೇ ತಿಂಗಳ ಮೂರನೆಯ ವಾರ ಚಂಡಮಾರುತ ಬಂದು ಹೋದ ಎರಡನೆಯ ದಿನ ಅವನು ಕೈಯಲ್ಲಿ ಮೊಬೈಲು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ನಾನು ಮಸಾಲೆ ದೋಸೆಯ ಮಧ್ಯದಲ್ಲಿದ್ದೆ.

"ಸರ್, ಮನಿ ಮಾಡ್ ಪೂರಾ ಹಾರಿ ಹೋಯ್ತ್. ಗೋಡಿ ಮಾತ್ರ ನಿಂತಿತ್ತ್" ಎಂದ. ಅವರ ಕಡೆ ಛಾವಣಿಗೆ ಮಾಡು ಎನ್ನುತ್ತಾರೆ. ಫೋಟೊ ತೋರಿಸಿದ. ನಾಲ್ಕು ಗೋಡೆ, ಮೇಲೆ ಬರೀ ಆಕಾಶ. ಅಂಗಳದಲ್ಲಿ ಬುಡಮೇಲಾದ ಎರಡು ತೆಂಗಿನ ಮರ, ಅದರ ಪಕ್ಕ ಅವನ ಹೆಂಡತಿ ಗುಣವತಿ ಒಂದು ಕೊಡಪಾನ ಹಿಡಿದುಕೊಂಡು ನಿಂತಿದ್ದಾಳೆ. ಅವಳೂ ಮಗಳು ಹರ್ಷಿಣಿಯೂ ಶಾಲೆಯ ಜಗಲಿಯಲ್ಲಿ ಉಳಿದುಕೊಂಡಿದ್ದರು.

"ಊರಂಗೆ ಟಾರ್ಪಾಲ್ ಯಾವ ಅಂಗ್ಡಿಯಂಗೂ ಇಲ್ಲೆ. ಇಲ್ಲಿಂದ ಒಂದ್ ತಕಂಡ್ ಹೋಯ್ಕ್ ಸರ್. ಮಳಿ ಹಿಡಿಯುಕ್ ಇನ್ನ್ ಹದ್ನೈದೇ ದಿನ. ಒಡೇರ್ ಹತ್ರ ರಜೆ ಕೇಣಿ." ಒಡೇರ್ ಎಂದರೆ ಒಡೆಯರು, ಯಶವಂತಣ್ಣ.

ಸ್ಟೇಷನ್ನು ಎದುರಿಗೇ ಇತ್ತು. ಅಲ್ಲಿ ರೈಲು ಹತ್ತಿದರೆ ಮರುದಿನ ಊರು. ಟಾರ್ಪಾಲು ಎರಡು ಅಂಗಡಿ ದಾಟಿದರೆ ಸಿಗುತ್ತಿತ್ತು. ಬುದ್ಧಿ ನೆಟ್ಟಗಿರುವವನು "ಹೊರಡಪ್ಪ" ಎನ್ನಬೇಕಿತ್ತು. ನಾನು ಕಾರ್ಯದರ್ಶಿಯಾಗಿದ್ದೆ, ಆದ್ದರಿಂದ ಅಧ್ಯಕ್ಷರನ್ನು ಕೇಳಿದೆ.

"ರಜೆಯಾ? ಈಗ?" ಯಶವಂತಣ್ಣ ಕ್ಯಾಶ್ ಕೌಂಟರಿನಿಂದಲೇ ಹೌಹಾರಿದರು. "ಬರುವ ಭಾನುವಾರ ನಮ್ಮದು ಪರಿಹಾರ ಸಮಾರಂಭ ಉಂಟಲ್ಲ ಮಾರಾಯ್ರೆ! ಐನೂರು ಜನಕ್ಕೆ ಊಟ. ಕರಾವಳಿಯ ಕಷ್ಟದ ಕಾರ್ಯಕ್ರಮದಲ್ಲಿ ಪಾವ್ ಭಾಜಿ ಹಾಕ್ಲಿಕ್ಕಾಗ್ತದಾ? ಕೊಟ್ಟೆ ಕಡುಬು ಆಗ್ಬೇಕು. ಹಲಸಿನ ಎಲೆಯ ಕೊಟ್ಟೆ ಕಟ್ಲಿಕ್ಕೆ ನಾಸಿಕದಲ್ಲಿ ಶೀನನನ್ನು ಬಿಟ್ರೆ ಯಾರಿದ್ದಾರೆ?"

ಇದು ನಮ್ಮ ಸಂಘದ ಪದ್ಧತಿ. ಹುಟ್ಟಿದರೂ ಊಟ, ಸತ್ತರೂ ಊಟ, ಮಧ್ಯದಲ್ಲಿ ಏನೇ ನಡೆದರೂ ಎಲೆ ಹಾಕದೆ ಠರಾವು ಪಾಸಾಗುವುದಿಲ್ಲ. ಹೀಗಾಗಿ ಚಂಡಮಾರುತದಲ್ಲಿ ಮನೆ ಕಳೆದುಕೊಂಡ ನಮ್ಮ ನಡುವಿನ ಒಬ್ಬನೇ ಒಬ್ಬ ಮನುಷ್ಯ, ಚಂಡಮಾರುತದಲ್ಲಿ ಮನೆ ಕಳೆದುಕೊಂಡವರ ಬಗ್ಗೆ ಮರುಗಲು ಬರುವ ಐನೂರು ಮಂದಿಗೆ ಅಡುಗೆ ಮಾಡಲು ನಾಸಿಕದಲ್ಲೇ ಉಳಿಯಬೇಕಾಯಿತು.

ಶೀನನಿಗೆ ಇದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. "ನೋಡು ಶೀನ, ಭಾನುವಾರ ಲಾರಿ ಹೊರಡುತ್ತೆ. ಅದರಲ್ಲಿ ನಲವತ್ತು ಟಾರ್ಪಾಲು ಹೋಗುತ್ತೆ. ಪಟ್ಟಿಯಲ್ಲಿ ಮೊದಲನೇ ಹೆಸರು ನಿಂದೇ ಬರೀತೀನಿ. ನೀನೂ ಅದೇ ಲಾರೀಲಿ ಹೋಗಿಬಿಡು" ಎಂದೆ. ಅವನು ನನ್ನ ಮುಖ ನೋಡಿದ. ಓದಿದವರು ಹೇಳಿದ್ದಾರೆ, ಸರಿಯಾಗಿಯೇ ಇರಬೇಕು ಎಂದುಕೊಂಡ. ಹೆಂಡತಿಗೆ ಫೋನು ಮಾಡಿ ಲಾರಿ ಬರುತ್ತದೆ ಎಂದು ಹೇಳಿದ. ನಾನು ಮಾತು ಕೊಟ್ಟಿದ್ದೆ, ಅದನ್ನು ನೆನಪಿಟ್ಟುಕೊಳ್ಳಿ.

ವಾರವಿಡೀ ಸಾಮಾನು ಬಂದು ಬಿತ್ತು. ನಾಸಿಕದವರಲ್ಲವೇ, ಐವತ್ತು ಮೂಟೆ ಈರುಳ್ಳಿ ಬಂತು. ದ್ರಾಕ್ಷಿ ಬೆಳೆಯುವವರೊಬ್ಬರು ಒಣದ್ರಾಕ್ಷಿ ಕೊಟ್ಟರು. ಮನೆಮನೆಯಿಂದ ಹಳೆ ಸ್ವೆಟರು, ಶಾಲು, ಮದುವೆಯ ಕೋಟು ಬಂದವು. ಕುಂದಾಪುರದ ಸೆಕೆಯಲ್ಲಿ ಸ್ವೆಟರು ಯಾರು ಹಾಕುತ್ತಾರೆ ಎಂದು ಕೇಳಿದರೆ "ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಸರ್" ಎಂದು ನನಗೇ ಬುದ್ಧಿ ಹೇಳಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಲೆಕ್ಸು. ಅದರ ಹೊಣೆ ಯಶವಂತಣ್ಣನ ಮಗ ರಾಕೇಶನದು. ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗ. ಹಾನಿಯ ಫೋಟೊ ಬೇಕು ಎಂದ, ನಾನು ಶೀನನ ಮೊಬೈಲಿನದನ್ನು ಕಳಿಸಿದೆ. "ಅಂಕಲ್, ಇದು ಏಕ್‌ದಮ್ ಭಾರೀ ಇದೆ! ಮ್ಯಾಲೆ ಪೂರಾ ಖಾಲಿ ಜಾಗ ಇದೆ, ಪಪ್ಪಾನ ಫೋಟೊ ಫಿಟ್ ಆಗ್ತದೆ" ಎಂದು ಕುಣಿದ. ಹಾಗೆಯೇ ಮಾಡಿದ. ಇಪ್ಪತ್ತಕ್ಕೆ ಮೂವತ್ತು ಅಡಿಯ ಫ್ಲೆಕ್ಸಿನಲ್ಲಿ, ಶೀನನ ಮನೆಯ ಛಾವಣಿ ಎಲ್ಲಿ ಇರಬೇಕಿತ್ತೋ ಸರಿಯಾಗಿ ಅಲ್ಲಿ ಯಶವಂತಣ್ಣ ಕೈಮುಗಿದು ನಗುತ್ತಿದ್ದರು. ಕೆಳಗೆ ಸಮಿತಿಯ ಇಪ್ಪತ್ತಾರು ಮುಖಗಳು ಸಾಲಾಗಿ ನಿಂತಿದ್ದವು, ಮೂಲೆಯಲ್ಲಿ ನಾನು. ಗುಣವತಿಯ ಮೇಲೆ "ಆಪಲೇ ನಮ್ರ", ತಮ್ಮ ವಿನೀತರು, ಎಂಬ ಮರಾಠಿ ಅಕ್ಷರ ಬಂದದ್ದರಿಂದ ಅವಳ ಕೊಡಪಾನ ಮಾತ್ರ ಕಾಣುತ್ತಿತ್ತು. ಗಾಳಿಗೆ ಹರಿಯಬಾರದೆಂದು ಕಟ್ಟುವಾಗ ನಡುವೆ ಬ್ಲೇಡಿನಿಂದ ಒಂದು ಸೀಳು ಹಾಕಿದರು.

ಭಾನುವಾರ ಕಡುಬು ಹೂವಿನಂತೆ ಅರಳಿತ್ತು, ಶೀನನ ಕೈಗುಣವೇ ಹಾಗೆ. ಹನ್ನೊಂದು ಗಣ್ಯರಿಗೆ ತಲೆಗೊಂದು ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟೆವು. ಲಾರಿಯ ಮುಂದೆ ಇಪ್ಪತ್ತೊಂದು ಕಾಯಿ ಒಡೆದೆವು. ಊರಿನಲ್ಲಿ ತೆಂಗಿನ ತೋಟಗಳೇ ಮಲಗಿವೆ ಎಂದು ಅದೇ ವೇದಿಕೆಯಲ್ಲಿ ನಾನು ವರದಿ ಓದಿದ್ದೆ. ಶೀನ ಕೈ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಲಾರಿಯ ಪಕ್ಕ ಬಂದು ನಿಂತ.

ಆಗ ಪೂರ್ವಕ್ಕೆ ಇನ್ನೂರು ಕಿಲೋಮೀಟರ್ ದೂರದ ಸಂಭಾಜಿನಗರದಿಂದ ಶಶಿಕಾಂತರ ಫೋನು ಬಂತು. ಅವರು ಅಲ್ಲಿಯ ಕನ್ನಡ ಬಳಗದ ಅಧ್ಯಕ್ಷರು, ಕಲಬುರ್ಗಿ ಕಡೆಯವರು, ಬೀಜದ ವ್ಯಾಪಾರ. ಹತ್ತು ಟಾರ್ಪಾಲು ಅವರ ಬಳಗದ ಕಾಣಿಕೆಯಾಗಿತ್ತು. "ಹಿಂಗ್ಯಾಂಗ್ರಿ ಯಶವಂತರಾವ್? ನಮ್ಮ ಮಾಲು ತುಂಬ್ಕೊಂಡು ನಮಗ ಹಸಿರು ಝಂಡಾ ಹಿಡೀಲಿಕ್ಕೆ ಕೊಡೂದಿಲ್ಲಂದ್ರ ಹೆಂಗ್ರಿ? ಲಾರಿ ಇಲ್ಲಿಗೆ ಬರ್ಲಿ. ಮುಂದಿನ ಐತಾರ ನಾವೂ ಕಾರ್ಯಕ್ರಮ ಇಟ್ಟೀವಿ" ಎಂದರು. ಬಳಗಗಳ ನಡುವೆ ಮನಸ್ತಾಪ ಬೇಡವೆಂದು ಲಾರಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ನಾನು ಠರಾವು ಬರೆದೆ. ಲಾರಿ ಪೂರ್ವಕ್ಕೆ ತಿರುಗಿತು. ಅಡುಗೆಯವನಾಗಿ ಶೀನನೂ ತಿರುಗಿದ, ಯಾಕೆಂದರೆ ಕಡುಬಿನ ಸುದ್ದಿ ಸಂಭಾಜಿನಗರಕ್ಕೂ ಮುಟ್ಟಿತ್ತು.

"ಸರ್, ಇದ್ ಊರಿನ ದಾರಿ ಅಲ್ದಲೆ" ಎಂದ. "ಒಂದೇ ವಾರ ಕಣೋ" ಎಂದೆ. ಹೇಳುವಾಗ ಅವನ ಮುಖ ನೋಡಲಿಲ್ಲ.

ದಾರಿಯಲ್ಲಿ ಸಮಿತಿ ವೇರೂಳಿನಲ್ಲಿ ಇಳಿಯಿತು. ಬಂದದ್ದು ಬಂದೆವು ಎಂದು ಘೃಷ್ಣೇಶ್ವರನ ದರ್ಶನ ಮಾಡಿ, ಗುಹೆ ನೋಡಿ, ಸಂತ್ರಸ್ತರಿಗಾಗಿ ಬೇಡಿಕೊಂಡೆವು. ಬಿಸಿಲಲ್ಲಿ ನಿಂತ ಲಾರಿಯೊಳಗೆ ಈರುಳ್ಳಿ ಬೆವರತೊಡಗಿತು.

ಎರಡನೆಯ ಭಾನುವಾರದ ಹೊತ್ತಿಗೆ ಜೂನ್ ಬಂದಿತ್ತು. ಗುಣವತಿ ದಿನಕ್ಕೆ ಎರಡು ಸಲ ಫೋನು ಮಾಡಿ, ಕೇರಳಕ್ಕೆ ಮಳೆ ಬಂತಂತೆ, ಲಾರಿ ಎಲ್ಲಿಗೆ ಮುಟ್ಟಿತು ಎಂದು ಕೇಳುತ್ತಿದ್ದಳು. ಶೀನ ಸುಳ್ಳು ಹೇಳಲು ಬರದೆ ಫೋನನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಹೇಳುತ್ತಿದ್ದೆ.

ಸಂಭಾಜಿನಗರದಲ್ಲಿ ಸಭಾಂಗಣ ಸಿಗದೆ ಬಯಲಿನಲ್ಲಿ ಮಂಟಪ ಹಾಕಿದ್ದರು. ಮಧ್ಯಾಹ್ನ ಮೂಡಲಲ್ಲಿ ಮೋಡ ಕಪ್ಪಾಯಿತು. ಶಶಿಕಾಂತರು ಮೇಲೆ ನೋಡಿದರು, ಆಮೇಲೆ ಲಾರಿಯ ಕಡೆ ನೋಡಿದರು.

"ಲಾರ್‍ಯಾಗ ನಲವತ್ತು ಟಾರ್ಪಾಲ್ ಅದಾವಲ್ರಿ? ಒಂದ್ ತಾಸಿನ ಮಟ್ಟಿಗೆ ಮ್ಯಾಲ ಕಟ್ಟೂಣು. ಸಾಹೇಬ್ರು ತೋಯ್ದ್ರ ಮುಂದಿನ ವರ್ಷ ಯಾರೂ ಬರೂದಿಲ್ಲ."

ಮಂಟಪದವರು ಮೊಳೆ ಹೊಡೆದರು, ಹಗ್ಗಕ್ಕೆಂದು ತೂತು ಕೊರೆದರು, ಉದ್ದವಾದದ್ದನ್ನು ಕತ್ತರಿಸಿದರು. ಶೀನ ಕಡುಬಿನ ಹಂಡೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದ. ಮುಖ್ಯ ಅತಿಥಿಗಳು ಚಂಡಮಾರುತದ ರೌದ್ರವನ್ನು ಬಣ್ಣಿಸಿ "ಆ ಗಾಳಿ ಹೇಗಿತ್ತೆಂದರೆ" ಎನ್ನುವಷ್ಟರಲ್ಲಿ ನಿಜವಾದ ಗಾಳಿಯೇ ಬಂತು. ಹದಿನೈದು ನಿಮಿಷದಲ್ಲಿ ಮಂಟಪ ಮಲಗಿತು. ನಲವತ್ತು ಟಾರ್ಪಾಲುಗಳೂ ಚಿಂದಿಯಾಗಿ ಬೇಲಿಯ ಜಾಲಿ ಮುಳ್ಳಿಗೆ ಸಿಕ್ಕಿಕೊಂಡವು. ಗಣ್ಯರು ಸನ್ಮಾನದ ಕಾಯಿ ಕೈಯಲ್ಲಿ ಹಿಡಿದೇ ಕಾರಿಗೆ ಓಡಿದರು. ಮಳೆ ನಿಂತ ಮೇಲೆ ಯಶವಂತಣ್ಣ ಫೇಟಾ ಹಿಂಡುತ್ತಾ, "ಸಂತ್ರಸ್ತರ ನೋವು ಎಂತದ್ದು ಅಂತ ಇವತ್ತು ನಮಗೂ ಗೊತ್ತಾಯ್ತು, ಇದನ್ನು ವರದಿಗೆ ಹಾಕಿ ಸ್ವಾಮಿಗಳೇ" ಎಂದರು.

ಲಾರಿಯ ಒಂದು ಬದಿಗೆ ಮಡಚಿ ಬಿಗಿದಿದ್ದ ಫ್ಲೆಕ್ಸಿಗೆ ಮಾತ್ರ ಏನೂ ಆಗಿರಲಿಲ್ಲ. ಶೀನ ಅದರ ಹಗ್ಗ ಬಿಚ್ಚುತ್ತಿದ್ದ.

"ಏನೋ ಮಾಡ್ತಿದ್ದೀಯ?"

"ಇದನ್ನ್ ತಕಂಡ್ ಹೋತೆ ಸರ್. ಗಟ್ಟಿ ಇತ್ತ್."

"ಇರೋ, ನಾಳೆ ಅಂಗಡಿ ತೆಗೆದ ಮೇಲೆ ಹೊಸ ಟಾರ್ಪಾಲು ಕೊಡಿಸ್ತೀನಿ" ಎಂದೆ.

"ಬ್ಯಾಡ ಸರ್. ನೀವ್ ಕೊಡ್ಸುವತ್ತಿಗೆ ಮಳಿಗಾಲ ಮುಗಿತ್ತ್." ಸಿಟ್ಟಿಲ್ಲದೆಯೇ ಹೇಳಿದ. ಅಧ್ಯಕ್ಷರನ್ನೂ ಇಪ್ಪತ್ತಾರು ಸದಸ್ಯರನ್ನೂ ಚಾಪೆಯ ಹಾಗೆ ಸುತ್ತಿ ಹೆಗಲಿಗೇರಿಸಿದ. ರಜೆ ಕೇಳಲಿಲ್ಲ. ಎಸ್‌ಟಿ ಬಸ್ಸು ಹಿಡಿದು ನಾಸಿಕ್ ರೋಡಿಗೆ ಹೋದ, ಬೆಳಿಗ್ಗೆ ರೈಲು ಹತ್ತಿದ. ಮಂಗಳವಾರ ಮನೆ ಮುಟ್ಟಿ ಗೋಡೆಯ ಮೇಲೆ ಬಿದಿರು ಕಟ್ಟಿ ಹೊದಿಸಿದ. ಬುಧವಾರ ಮಳೆ ಹಿಡಿಯಿತು.

ಲಾರಿ ಮಾತ್ರ ಹೊರಡಲಿಲ್ಲ. ಫ್ಲೆಕ್ಸಿಲ್ಲದೆ ಹೋದರೆ ಅದು ಯಾರ ಲಾರಿ ಎಂದು ಜನಕ್ಕೆ ಹೇಗೆ ತಿಳಿಯಬೇಕು? ಹೊಸದು ಅಚ್ಚಾಗಿ ಬರಲಿ ಎಂದು ಸಾಮಾನನ್ನು ಶಶಿಕಾಂತರ ಗೋದಾಮಿನಲ್ಲಿ ಇಳಿಸಿದರು. ಈರುಳ್ಳಿ ಅಲ್ಲೇ ಮೊಳಕೆಯೊಡೆಯಿತು.

ಹತ್ತು ದಿನದ ಮೇಲೆ ಶೀನ ಹೊಸ ಮಾಡಿನದೊಂದು ಫೋಟೊ ಕಳಿಸಿದ, ಮನೆಯೊಳಗಿಂದ ತೆಗೆದದ್ದು. ನಾನು ಅದನ್ನು ಸಭೆಯಲ್ಲಿ ತೋರಿಸಿದೆ, ಯಾರಿಗಾದರೂ ಚುಚ್ಚಲಿ ಎಂದು. ಯಶವಂತಣ್ಣ ಕನ್ನಡಕ ಏರಿಸಿ ನೋಡಿದರು. "ಮುಟ್ಟಿತಲ್ಲ ಮಾರಾಯ್ರೆ ನಮ್ಮ ನೆರವು! ಆದ್ರೆ ಮುಖ ಒಳಗೆ ಮಾಡಿ ಯಾಕೆ ಹಾಕಿದ್ದಾನೆ? ಹೊರಗೆ ಮಾಡಿದ್ರೆ ರಸ್ತೆಯಲ್ಲಿ ಹೋಗುವವರಿಗೂ ಕಾಣ್ತಿತ್ತು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು.

ಮನೆಗೆ ಬಂದು ನಾನೇ ಫೋನು ಮಾಡಿದೆ. ಗುಣವತಿ ಎತ್ತಿದಳು. ಅವಳಿಗೆ ಒಂದು ವಾರ ಸುಳ್ಳು ಹೇಳಿದವನು ನಾನು. ಅವಳು ಮಾತ್ರ ಊಟ ಆಯಿತೇ ಎಂದು ಕೇಳಿದಳು.

"ಸೋರುತ್ತೇನಮ್ಮಾ?" ಎಂದೆ.

"ಇಲ್ಲೆ ಸರ್, ಅಡ್ಡಿಲ್ಲೆ. ಒಡೇರ್ ಬಾಯಿ ಹತ್ರ ಒಂದ್ ಸೀಳಿತ್ತಲೆ, ಅಲ್ಲ್ ಮಾತ್ರ ಸೋರತ್ತ್. ಕೆಳ್ಗೆ ಕೊಡಪಾನ ಇಟ್ಟಿದೆ." ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಅವಳು ಏನೋ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿದಳು. "ಸರ್, ಒಂದ್ ಹೇಳ್ಕಿತ್ತ್. ಬೇಜಾರ್ ಮಾಡ್ಕಣ್ಬೇಡಿ. ಮೂಲಿಯಂಗಿಪ್ಪು ನಿಮ್ ಫೋಟೊ ಸಮಾ ಒಲಿ ಮೇಲೆ ಬಂದಿತ್ತ್. ಹೊಗಿ ಹಿಡ್ದ್ ಮುಖ ಪೂರಾ ಮಸಿ ಆಯ್ತ್. ನಿನ್ನೆ ಒದ್ದಿ ಬಟ್ಟಿಯಂಗ್ ಒರ್ಸಿ ಕಂಡೆ, ಹೋಯ್ಲಿಲ್ಲೆ. ನಾಳೆ ಸೋಪ್ ಹಾಕಿ ಒರೆಸ್ತೆ."

"ಒರೆಸಬೇಡಮ್ಮಾ" ಎಂದೆ. "ಅದು ಹಾಗೇ ಇರಲಿ."