ಓಗಾವಾ ಮನೆಯ ನರಿ

ನರಿಯ ಮುಖ ನೋಡದೆ ಕಣ್ಣಿನ ಆಪರೇಷನ್ನಿಗೆ ಬರುವುದಿಲ್ಲ ಎಂದು ಅಜ್ಜಿ ಹೇಳಿದ್ದು ಕಾರಿನಲ್ಲಿ ಕೂತ ಮೇಲೆ. ಡಾಕ್ಟರು ಮಾರನೆಯ ದಿನವೇ ಲಂಡನ್ನಿಗೆ ಹೊರಡುವವರಿದ್ದರು.

"ಅಮ್ಮಾ, ಇದು ನೈರೋಬಿ," ಎಂದರು ಅಪ್ಪ. "ಲಂಗಾಟಾ ಕಾಡಿಗೆ ಹೋಗೋಣ್ವಾ? ಸಿಂಹಾನೂ ನೋಡ್ಕೊಂಡು ಬರಬಹುದು."

"ಸಿಂಹ ಯಾರಿಗೆ ಬೇಕು? ನೀನು ಹುಟ್ಟೋ ದಿನ ನರಿ ಮುಖ ನೋಡಿದ್ದೆ, ಸಲೀಸಾಗಿ ಹುಟ್ಟಿದೆ. ನಮ್ಮಕ್ಕ ನೋಡ್ದೆ ಆಸ್ಪತ್ರೆಗೆ ಹೋದ್ಲು, ಇದ್ದ ಒಂದು ಕಣ್ಣೂ ಹೋಯ್ತು."

ಅಜ್ಜಿಗೂ ಉಳಿದಿದ್ದದ್ದು ಒಂದೇ ಕಣ್ಣು. ಅದಕ್ಕೂ ಪೊರೆ ಬಂದಿತ್ತು.

ಹಿಂದಿನ ಸೀಟಿನಲ್ಲಿದ್ದ ನಾನು ಮುಂದಕ್ಕೆ ಬಾಗಿದೆ. "ಅಪ್ಪಾ, ನನಗೊಂದು ನರಿ ಗೊತ್ತು."

ಪಾರ್ಕ್‌ಲ್ಯಾಂಡ್ಸಿನಲ್ಲಿ, ಆಸ್ಪತ್ರೆಯ ದಾರಿಯಲ್ಲೇ, ನಾನು ಇಂಗ್ಲಿಷ್ ಹೇಳಿಕೊಡುವ ಮಿಸೆಸ್ ಓಗಾವಾ ಅವರ ಮನೆ. ಹಿತ್ತಲಿನ ತೋಟದಲ್ಲಿ ಅವರೊಂದು ಪುಟ್ಟ ಜಪಾನೀ ಶಿಂಟೋ ಗುಡಿ ಕಟ್ಟಿಸಿದ್ದಾರೆ, ತಮ್ಮ ಊರಿನ ಭತ್ತದ ದೇವರಿಗೆ. ಬಾಗಿಲ ಎರಡೂ ಕಡೆ ಕಲ್ಲಿನ ನರಿಗಳು, ಕೊರಳಿಗೆ ಕೆಂಪು ಬಟ್ಟೆ. ಮೊದಲ ಸಲ ನೋಡಿದಾಗ, ಅಜ್ಜಿಯ ಕತೆಗಳ ನರಿಯ ಹಾಗೆ ಮಾತಾಡಿಯೇ ಬಿಡುತ್ತವೆ ಎಂದು ಬಹಳ ಹೊತ್ತು ಕಾದು ನಿಂತಿದ್ದೆ.

ಗೇಟಿನಾಚೆ ಮಟಾಟು ವ್ಯಾನಿನ ಕ್ಯಾಸೆಟ್ಟು ಅಬ್ಬರಿಸುತ್ತಿತ್ತು. ಬಿದಿರು ಮೆಳೆ ದಾಟಿದ್ದೇ ತಡ, ನೀರು ತೊಟ್ಟಿಕ್ಕುವುದು ಕೇಳಿಸಿತು. ಮಿಸೆಸ್ ಓಗಾವಾ ಮರದ ಸೌಟಿನಿಂದ ಅಜ್ಜಿಯ ಕೈಗೆ ನೀರು ಹಾಕಿದರು.

"ಮಡಿ ಮೈಲಿಗೆ ಗೊತ್ತಿರೋ ಜನ," ಎಂದಳು ಅಜ್ಜಿ.

ಗುಡಿಯ ಮುಂದೆ ಓಗಾವಾ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿದರು. ಅಜ್ಜಿ ಗಾಬರಿಯಿಂದ ಅವರ ತೋಳು ಹಿಡಿದಳು.

"ತಟ್ಟಬೇಡ ತಾಯಿ, ಓಡಿಹೋಗುತ್ತೆ."

"ಅಜ್ಜಿ, ಅದು ದೇವರನ್ನ ಕರೆಯೋಕೆ."

"ಕರೆಯೋಕಾ? ನಾವು ಓಡ್ಸೋಕೆ ತಟ್ಟೋದು."

ಆಮೇಲೆ ಕತ್ತು ಚಾಚಿದಳು. "ಎಲ್ಲಿದೆಯೇ? ಕೆಂಪಗೆ ಏನೋ ಕಾಣ್ತದೆ ಅಷ್ಟೆ."

ನನಗೆ ಅಳುವೇ ಬಂತು. ಕಣ್ಣು ಕಾಣದವಳಿಗೆ ಮುಖ ತೋರಿಸಲು ಕರೆತಂದಿದ್ದೆ. ಸುಮ್ಮನೆ ಅವಳ ಕೈ ಹಿಡಿದು ನರಿಯ ತಲೆಯ ಮೇಲಿಟ್ಟೆ. ಬೆರಳು ಕಿವಿ ಸವರಿ ಮೂತಿಗೆ ಇಳಿಯಿತು.

"ಬಾಯಲ್ಲೇನೋ ಕಚ್ಕೊಂಡಿದೆ?"

"ಬೀಗದ ಕೈ. ಭತ್ತದ ಕಣಜದ್ದು."

"ನರಿ ಕೈಗೆ ಕಣಜ ಕೊಟ್ಟಿದ್ದಾರಾ?" ಅಜ್ಜಿ ನಗತೊಡಗಿದಳು. ಅವಳ ಕತೆಗಳಲ್ಲಿ ನರಿಯನ್ನು ನಂಬಿ ಕೆಡದವರೇ ಇಲ್ಲ. "ಕದಿಯಲ್ವಂತಾ? ಕೇಳೇ ಅವ್ರನ್ನ."

ಕೇಳಿದೆ. ಇಲ್ಲವಂತೆ, ಕಾಯುವುದೇ ಅದರ ಕೆಲಸವಂತೆ.

ಅಪ್ಪ ಗಡಿಯಾರ ನೋಡಿಕೊಂಡರು. "ಆಯ್ತಲ್ಲಮ್ಮ, ನೋಡಿದ ಹಾಗೇ ಆಯ್ತು."

"ಎಲ್ಲಾಯ್ತು? ಮುಟ್ಟಿದ್ದು ಮುಟ್ಟಿದ್ದು, ನೋಡಿದ್ದು ನೋಡಿದ್ದು."

ಅಜ್ಜಿಯ ಕೈ ಇನ್ನೂ ನರಿಯ ಮೂತಿಯ ಮೇಲೆಯೇ ಇತ್ತು.

"ಕದೀದೆ ಇರೋ ನರಿ ಮುಖ ಹೇಗಿರುತ್ತೋ," ಎಂದಳು ಮೆಲ್ಲಗೆ. "ನೋಡ್ಲೇಬೇಕು ಕಣೇ ಇದನ್ನ." ಹಾಗೇ ಅಪ್ಪನ ಕಡೆ ತಿರುಗಿ, "ಏನೋ ನಿಂತ್ಕೊಂಡೆ? ಡಾಕ್ಟರು ಕಾಯ್ತಿರ್ತಾರೆ, ನಡಿ."

ನಾನು ಕಾರಿನ ಬಾಗಿಲು ತೆರೆಯಲು ಓಡಿದೆ. ಬಿದಿರಿನಾಚೆಯಿಂದ ಎರಡು ಚಪ್ಪಾಳೆ ಕೇಳಿಸಿತು, ಹಿಂದೆಯೇ ಅಜ್ಜಿಯ ದನಿ:

"ಇಲ್ಲೇ ಇರು. ಕಣ್ಣಿನ ಪಟ್ಟಿ ಬಿಚ್ಚಿಸ್ಕೊಂಡು ಬರ್ತೀನಿ."