ದೇವವ್ವ ಕಿತ್ತ ಕಾಯಿಗಳು

ದೀಪಾವಳಿಗೆ ಮೂರು ದಿನ ಸೂಟಿ ಕೊಡುವಾಗ ಮ್ಯಾನೇಜರ್ ಮಾಲತೇಶ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಿದ್ದರು. ಮೇಲೆ ‘ಬರುವ ವರ್ಷದ ನನ್ನ ಗುರಿ’, ಕೆಳಗೆ ‘ನಾನು ಎಂದೂ ಬಿಡದ ಮೌಲ್ಯ’. ಸೂಟಿ ಮುಗಿಸಿ ಬರುವಾಗ ತುಂಬಿ ತರಬೇಕು. ರಾಣೆಬೆನ್ನೂರಿನ ಆ ಬೀಜದ ಕಂಪನಿಯಲ್ಲಿ ಶೀಲಾ ಆರು ವರ್ಷದಿಂದ ರೈತರು ಕಂಪನಿಗೆ ಬೀಜ ಬೆಳೆಯುವ ಪ್ಲಾಟುಗಳ ತಪಾಸಣೆ ಮಾಡುವವಳು. ಗುರಿಯ ಜಾಗದಲ್ಲಿ ‘ಏರಿಯಾ ಮ್ಯಾನೇಜರ್ ಆಗುವುದು’ ಎಂದು ಅಲ್ಲೇ ನಿಂತು ಬರೆದಳು. ಕೆಳಗಿನ ಜಾಗಕ್ಕೆ ಏನೂ ಹೊಳೆಯಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಕದರಮಂಡಲಗಿ ಆಂಜನೇಯನಿಗೆ ಕಾಯಿ ಒಡೆಸಿ ಸ್ಕೂಟಿಯಲ್ಲಿ ಹೊರಟಳು. ದಾರಿಯಲ್ಲಿ, ಕಂಪನಿಗೆ ಮೆಣಸಿನ ಬೀಜ ಬೆಳೆದುಕೊಡುವ ದೇವವ್ವನ ಪ್ಲಾಟಿಗೆ ಹುಳ ಬಾರದಂತೆ ಕಟ್ಟಿದ ಬಲೆಯ ಬಾಗಿಲು ತೆರೆದಿತ್ತು. ಹಬ್ಬದ ದಿನವೂ ಮುದುಕಿ ಬಂದಿದ್ದಾಳೆಯೇ ಎಂದು ಒಳಹೊಕ್ಕಳು.

ಎದೆಮಟ್ಟದ ಮೆಣಸಿನ ಗಿಡಗಳು, ಗಿಡದ ತುಂಬ ಕೆಂಪು ದಾರದ ಗಂಟುಗಳು. ಸಂಜೆ ಮೊಗ್ಗು ಬಿಡಿಸಿ ಗಂಡು ಎಳೆಗಳನ್ನು ತೆಗೆಯುವುದು, ಮರುದಿನ ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸಿ ಗುರುತಿಗೆ ದಾರ ಕಟ್ಟುವುದು: ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಅದರಲ್ಲಿ ದೇವವ್ವನದು ಪಳಗಿದ ಕೈ. ಈಗ ಅದೇ ಕೈ ದಾರ ಕಟ್ಟಿದ ಕಾಯಿಗಳನ್ನು ಕಿತ್ತು ಕಿತ್ತು ಬುಟ್ಟಿಗೆ ಹಾಕುತ್ತಿತ್ತು.

“ಆಯಿ! ಯಾಕ ಕೀಳಾಕತ್ತೀರಿ?”

“ಬಾ ಯವ್ವಾ.” ದೇವವ್ವ ಕೈ ನಿಲ್ಲಿಸಲಿಲ್ಲ. “ಮಾನೌಮಿ ಮುಂದ ನನಗ ಜ್ವರ ಬಂದಿತ್ತು. ಒಂದ ಸಂಜಿ ಈ ಸಾಲಿಗೆ ಬರೂದು ತಡಾ ಆತು. ಮೊಗ್ಗಿ ಆಗಲೇ ಬಾಯಿ ಬಿಟ್ಟಿದ್ವೋ ಇಲ್ಲೋ, ಕತ್ತಲದಾಗ ಖರೇ ಕಾಣಲಿಲ್ಲ. ಬಾಯಿ ಬಿಟ್ಟಿದ್ರ ತಮ್ಮ ಪುಡಿನ ತಮಗ ತಾಗಿ ತಳಿ ಕೆಡತತಿ. ಮುಂಜಾನೆ ದಾರ ಕಟ್ಟೇಬಿಟ್ಟೆ. ಆವತ್ತಿನ ಕಾಯಿ ಯಾವು ಅನ್ನೂದು ಈಗ ಗೊತ್ತಾಗಂಗಿಲ್ಲ. ಅದಕ್ಕ ಸಾಲು ಪೂರಾ ತಗ್ಯಾಕತ್ತೇನಿ.”

“ಯಾರಿಗೆ ತಿಳೀತಿತ್ತು, ಆಯಿ?”

ತಪಾಸಣೆ ಮಾಡುವವಳ ಬಾಯಿಂದಲೇ ಆ ಮಾತು ಬಂದಿತ್ತು. ಮುದುಕಿ ಈಗ ತಲೆ ಎತ್ತಿದಳು.

“ಬಿತ್ತಿದಾಂವಗ ತಿಳೀತತಿ. ಅಂವ ಯಾವ ಊರಾಂವೋ ಏನೋ. ತಿಂಗಳಾನಗಟ್ಲೆ ದುಡದು, ಕಾಯಿ ನೋಡಿ ‘ಇದ್ಯಾಕ ಹಿಂಗಾತು’ ಅಂತ ಹೊಲದಾಗ ನಿಂತ್ರ, ಅದು ನನ್ನ ಕೈಯಿಂದ ಆಗಿದ್ದಲ್ಲೇನು?”

ಶೀಲಾ ಬುಟ್ಟಿಯಿಂದ ಒಂದು ಕಾಯಿ ಸೀಳಿ ನೋಡಿದಳು. ಒಳಗೆ ಎಳೆಯ ಬೀಜಗಳು ಒತ್ತಾಗಿ ಕೂತಿದ್ದವು. ಒಂದೊಂದು ಬೀಜಕ್ಕೆ ಒಂದೊಂದು ಗಿಡ. ಎಲ್ಲೋ ದೂರದ ಎಷ್ಟು ಹೊಲಗಳು ಈ ಸುಕ್ಕುಗಟ್ಟಿದ ಎರಡು ಬೆರಳುಗಳ ನಡುವೆ ಹಾದುಹೋಗಿವೆ! ಅವುಗಳ ಒಡೆಯರನ್ನು ಈಕೆ ಕಂಡವಳೇ ಅಲ್ಲ. ಶೀಲಾಳ ಮೈ ಜುಮ್ಮೆಂದಿತು. ಗುಡಿಯಲ್ಲಿ ಕೈಮುಗಿದಾಗಲೂ ಹೀಗಾಗಿರಲಿಲ್ಲ.

ಚಪ್ಪಲಿ ಕಳಚಿ ಅವಳೂ ಸಾಲಿಗೆ ಇಳಿದಳು. ಅರ್ಧ ಸಾಲು ಮುಗಿಯುವ ಹೊತ್ತಿಗೆ ಹೇಳಿಯೇಬಿಟ್ಟಳು. “ಆಯಿ, ಬ್ಯಾಡಗಿ ಕಡೆ ಎರಡು ಪ್ಲಾಟಿಗೆ ನಾ ಹೋಗಿಲ್ಲ. ಹಬ್ಬದ ಗಡಿಬಿಡಿಯಾಗ ನೋಡೇನಿ ಅಂತ ಬರದು ಸಹಿ ಮಾಡೇನಿ.”

ಬೈಗುಳ ಬೀಳುತ್ತದೆಂದು ಕಾದಳು. ದೇವವ್ವ ಸೊಂಟ ನೀವಿಕೊಂಡಳು.

“ಕಾಯಿ ಇನ್ನೂ ಗಿಡದಾಗ ಅದಾವಲ್ಲ. ಲಗೂ ಹೋಗಿ ನೋಡು.”

ರಸ್ತೆಗೆ ಬಂದು ಶೀಲಾ ಮಾಲತೇಶರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ದನಿ ತಗ್ಗಿಸಿದರು. “ಪ್ರಮೋಷನ್ ಲಿಸ್ಟಿನ್ಯಾಗ ನಿಮ್ಮ ಹೆಸರು ಐತ್ರಿ. ಇದನ್ನ ಬರದು ಕೊಟ್ರ ನಾನೂ ಏನೂ ಮಾಡಾಕ ಆಗಂಗಿಲ್ಲ.”

“ಬರದು ಕೊಡ್ತೇನ್ರಿ ಸರ.”

ಅಲ್ಲಿಂದಲೇ ಬ್ಯಾಡಗಿ ಕಡೆ ಹೋದಳು; ಮೊದಲ ಪ್ಲಾಟು ಚೊಕ್ಕಟವಾಗಿತ್ತು. ಎರಡನೆಯದು ಶೇಖಪ್ಪನದು; ಬಲೆ ಒಂದು ಮೂಲೆಯಲ್ಲಿ ಮೊಳದುದ್ದ ಹರಿದು, ಹೊರಗಿನ ಪುಡಿ ಹೊತ್ತ ಹುಳಗಳಿಗೆ ದಾರಿಯಾಗಿತ್ತು. ಆ ಬದಿಯ ನಾಲ್ಕು ಸಾಲಿನ ಕಾಯಿ ಕೀಳಬೇಕೆಂದಾಗ ಶೇಖಪ್ಪನ ಮುಖ ಬಾಡಿತು. ಆಮೇಲೆ ಅವನೇ ಸೂಜಿ, ನೈಲಾನ್ ದಾರ ತಂದ. ಇಬ್ಬರೂ ಕೂತು ಹೊಲಿದರು.

ಆ ವರ್ಷದ ಪ್ರಮೋಷನ್ ಬೇರೆಯವರಿಗೆ ಆಯಿತು.

ಆದರೆ ಅಂದು ಹೊಲಿಗೆ ಮುಗಿದಾಗ ಒಂದು ಜೇನುಹುಳ ಒಳಗೇ ಉಳಿದಿತ್ತು. ಹೊರಗಟ್ಟಲು ಎದ್ದ ಶೀಲಾ ಅದರ ಕಾಲಿಗೆ ಮೆತ್ತಿದ ಹೂವಿನ ಪುಡಿ ಕಂಡು, ದೇವವ್ವನ ಬೆರಳಿನಂತೆ ಇದೂ ಕಾಣದ ಹೊಲಗಳನ್ನು ಹೊತ್ತಿದೆಯಲ್ಲ ಎಂದು ಹಾಗೇ ನಿಂತುಬಿಟ್ಟಳು. ಶೇಖಪ್ಪ ಎರಡು ಸಲ ಚಹಾಕ್ಕೆ ಕರೆದದ್ದೂ ಅವಳಿಗೆ ಕೇಳಿಸಲಿಲ್ಲ.